ಎರಡು ಸಾವಿರ ಕೋಶ ಎಣಿಸಿದ ಮೇಲೆ

ಹೋದ ತಿಂಗಳು ಊರಿನಲ್ಲಿ ಒಂದು ಉಪನಯನ ಇತ್ತು. ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ದೊಡ್ಡಪ್ಪ ಕವಳದ (ಎಲೆ-ಅಡಿಕೆಯ) ಬಟ್ಟಲು ಹತ್ತಿರ ಎಳೆದುಕೊಂಡು, ಎಲೆಯ ತೊಟ್ಟು ಮುರಿಯುತ್ತಾ ಕೇಳಿದರು, "ನೀನು ಬೆಂಗಳೂರಲ್ಲಿ ಮಾಡೋದು ಎಂತದೇ? ಅಡಿಕೆ ತಿಂದ್ರೆ ಕ್ಯಾನ್ಸರ್ ಬರ್ತದೆ ಅಂತ ತೋರಿಸೋ ಕೆಲಸನಾ?" ಕೋಪದಲ್ಲಿ ಕೇಳಿದ್ದಲ್ಲ. ಆದರೆ ಜಗಲಿಯಲ್ಲಿದ್ದ ಏಳೆಂಟು ಜನರೂ ನನ್ನ ಕಡೆ ತಿರುಗಿದರು. ಎಲ್ಲರೂ ಅಡಿಕೆ ತೋಟದವರು. ನಮ್ಮ ಮನೆಯದೂ ಅಡಿಕೆ ತೋಟವೇ. ನಾನು ಓದಿದ್ದು, ಹಾಸ್ಟೆಲ್ ಫೀಸು ಕಟ್ಟಿದ್ದು, ಪಿಎಚ್‌ಡಿಗೆ ಸೇರಿದ್ದು ಎಲ್ಲಾ ಅದೇ ದುಡ್ಡಿನಲ್ಲಿ. ಉತ್ತರ ಅರ್ಧ ಹೇಳುವಷ್ಟರಲ್ಲಿ ಕಾಫಿ ಬಂತು, ಮಾತು ಅಡಿಕೆ ರೇಟಿನ ಕಡೆ ಹೊರಳಿತು. ಅವತ್ತು ಹೇಳಲಾಗದೆ ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ಡಿಎನ್‌ಎ ಹಾನಿಯ ಮೇಲೆ. ಕೋಶದೊಳಗಿನ ಡಿಎನ್‌ಎಗೆ ಏಟು ಬಿದ್ದಾಗ ಕೋಶ ಏನು ಮಾಡುತ್ತೆ, ದಿನಾ ಏಟು ಬೀಳುತ್ತಲೇ ಇದ್ದರೆ ಅದು ಆ ಒತ್ತಡವನ್ನು ಹೇಗೆ ತಾಳಿಕೊಳ್ಳುತ್ತೆ, ಎಲ್ಲಿ ಸೋಲುತ್ತೆ ಅನ್ನುವುದನ್ನು ನೋಡುವ ಕೆಲಸ. ನೋಡುವುದು ಬಾಯಿಯ ಕೋಶಗಳಲ್ಲಿ. ಏಟು ಕೊಡುವ ವಸ್ತು ಅಡಿಕೆ.

ಒಂದು ಕೋಶದ ಡಿಎನ್‌ಎಯನ್ನು ಎಳೆದು ನೇರ ಮಾಡಿದರೆ ಸುಮಾರು 2 ಮೀಟರ್, ಅಂದರೆ ಆಳುದ್ದಕ್ಕಿಂತ ಜಾಸ್ತಿ. ಅಷ್ಟೂ ಮಡಚಿಕೊಂಡು ಮಿಲಿಮೀಟರಿನ ಸುಮಾರು ನೂರನೇ ಒಂದು ಭಾಗದಷ್ಟಿರುವ ನ್ಯೂಕ್ಲಿಯಸ್ಸಿನಲ್ಲಿ ಕೂತಿರುತ್ತೆ. ಅದಕ್ಕೆ ದಿನಕ್ಕೆ ಸಾವಿರಾರು ಏಟು. ಬಿಸಿಲು, ಹೊಗೆ, ಎಕ್ಸ್‌ರೇ ಯಾವುದೂ ಬೇಡ, ಸುಮ್ನೆ ಕೂತರೂ ಬೀಳುತ್ತವೆ. 1970ರ ಸುಮಾರಿಗೆ ಡಿಎನ್‌ಎ ಬಹಳ ಗಟ್ಟಿ ವಸ್ತು ಅಂತಲೇ ಜನ ಅಂದುಕೊಂಡಿದ್ದರು. ಸ್ವೀಡನ್ನಿನ ತೋಮಸ್ ಲಿಂಡಾಲ್ ಅದನ್ನು ಪರೀಕ್ಷೆಗೆ ಹಚ್ಚಿದರು. ನೀರಿನಲ್ಲಿ ಸುಮ್ನೆ ಇದ್ದರೂ ಅದು ತಾನೇ ಸವೆಯುತ್ತೆ ಅಂತ ಗೊತ್ತಾಯಿತು. ಈ ಲೆಕ್ಕದಲ್ಲಿ ಸವೆದರೆ ಜೀವ ಉಳಿಯಲಿಕ್ಕೇ ಸಾಧ್ಯವಿಲ್ಲ, ಆದರೂ ಉಳಿದಿದೆಯಲ್ಲ, ಹಾಗಾದರೆ ಒಳಗೆ ಯಾರೋ ದಿನಾ ರಿಪೇರಿ ಮಾಡುತ್ತಿರಲೇಬೇಕು ಅಂತ ಅವರು ಹುಡುಕಲು ಹೊರಟರು, ಹುಡುಕಿ ಸಿಕ್ಕಿತು ಕೂಡ. 2015ರ ರಸಾಯನಶಾಸ್ತ್ರ ನೊಬೆಲ್ ಅವರಿಗೆ, ಪೌಲ್ ಮಾಡ್ರಿಚ್‌ಗೆ ಮತ್ತು ಅಜೀಜ್ ಸಂಜಾರ್‌ಗೆ ಬಂದಿದ್ದು ಇದಕ್ಕೇ.

ಊರಿನವರಿಗೆ ಹೇಳುವಾಗ ನಾನು ಸೋಗೆಯ ಮಾತು ಹೇಳುತ್ತೇನೆ. ತೋಟದಲ್ಲಿ ಸೋಗೆ, ಅಂದರೆ ಅಡಿಕೆ ಮರದ ಗರಿ, ದಿನಾ ಬೀಳುತ್ತೆ. ಅದು ಮರದ ಸ್ವಭಾವ. ದಿನಾ ಹೆಕ್ಕುವವರಿದ್ದರೆ ತೋಟ ಚೊಕ್ಕವಾಗಿಯೇ ಇರುತ್ತೆ. ಗಾಳಿ ಎದ್ದು ಒಂದೇ ದಿನ ಹತ್ತು ಪಟ್ಟು ಬಿದ್ದರೂ ನಾಲ್ಕು ದಿನದಲ್ಲಿ ಹೆಕ್ಕಿ ಮುಗಿಸಬಹುದು. ಆದರೆ ಆ ಗಾಳಿ ನಿಲ್ಲದೇ ಹೋದರೆ? ಹೆಕ್ಕುವ ಕೈಗೆ ಬಿಡುವೇ ಸಿಗದೇ ಹೋದರೆ? ನನ್ನ ಸಂಶೋಧನೆ ಇರುವುದು ಈ ಬಿಡುವಿನ ಮೇಲೆ.

ಇನ್ನು ಅಡಿಕೆಗೆ ಬರುತ್ತೇನೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸಿದವರಿಗೆಲ್ಲ ಚೊಗರು ಗೊತ್ತು. ಹಂಡೆಯಲ್ಲಿ ಉಳಿಯುವ ಆ ಕಡುಗೆಂಪು ರಸ ಕೈಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ಶಾಲೆಯಲ್ಲಿ ನಮ್ಮ ಕಡೆಯ ಮಕ್ಕಳ ಬೆರಳೆಲ್ಲ ಆ ತಿಂಗಳಲ್ಲಿ ಕಪ್ಪಗಿರುತ್ತಿದ್ದವು. ಆ ಬಣ್ಣ, ಆ ಒಗರು ಎಲ್ಲಾ ಪಾಲಿಫಿನಾಲ್ ಅನ್ನುವ ಗುಂಪಿನ ರಾಸಾಯನಿಕಗಳದ್ದು. ಈಗ ಕವಳವನ್ನು ನೋಡಿ. ಎಲೆ ಹಸಿರು, ಸುಣ್ಣ ಬಿಳಿ, ಹೋಳು ಕಂದು. ಬಾಯಿ ಮಾತ್ರ ಕೆಂಪು. ಸುಣ್ಣ ಸೇರಿದ ಕೂಡಲೇ ಬಾಯಿಯ ರಸ ಕ್ಷಾರವಾಗುತ್ತೆ. ಪಿಎಚ್ 9.5 ದಾಟಿದರೆ ಅಡಿಕೆಯ ಪಾಲಿಫಿನಾಲ್‌ಗಳು ಆಮ್ಲಜನಕದ ಜೊತೆ ತಾವಾಗಿಯೇ ಕೂಡಿ ಬಣ್ಣ ಬದಲಿಸುತ್ತವೆ. ಅದೇ ಹೊತ್ತಿಗೆ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಜಾಸ್ತಿ. ಪೆರಾಕ್ಸೈಡಿಗೆ ತಾಮ್ರ ಸಿಕ್ಕರೆ ಹೈಡ್ರಾಕ್ಸಿಲ್ ರಾಡಿಕಲ್ ಆಗುತ್ತೆ. ಅದು ತನ್ನ ಪಕ್ಕ ಏನಿದೆಯೋ ಅದನ್ನೇ ಕಚ್ಚುವ ವಸ್ತು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಜಿ ಅನ್ನುವ ಅಕ್ಷರಕ್ಕೆ ಅದು ತಗುಲಿದರೆ, ಸಿ ಜೊತೆ ಕೂಡಬೇಕಾದ ಜಿ ಮುಂದಿನ ಸಲ ಎ ಜೊತೆ ಕೂಡಲು ಹೋಗುತ್ತೆ. ಒಂದು ಅಕ್ಷರ ತಪ್ಪಾಯಿತು. ಅದನ್ನು ಗುರುತಿಸಿ ಕಿತ್ತುಹಾಕಲು ಓಜಿಜಿ1 ಅನ್ನುವ ಕಿಣ್ವ ಇದೆ, ಮತ್ತು ಅದು ತನ್ನ ಕೆಲಸವನ್ನು ತುಂಬಾ ಚೆನ್ನಾಗಿ ಮಾಡುತ್ತೆ.

ಇದನ್ನು ಮೊದಲ ಸಲ ಓದಿದ ದಿನ ನನಗೆ ಅಜ್ಜಿಯ ತುಟಿ ನೆನಪಾಯಿತು. ಕವಳ ಚೆನ್ನಾಗಿ ಕೆಂಪಾದರೆ ಅಜ್ಜಿಗೆ ಖುಷಿ. ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದಳು. ಆ ಕೆಂಪಿನ ಜೊತೆಜೊತೆಗೇ ಆ ರಾಸಾಯನಿಕಗಳೂ ಅಲ್ಲೇ ಹುಟ್ಟುತ್ತಿದ್ದವು ಅಂತ ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಡಿಕೆಯಲ್ಲಿ ಇನ್ನೊಂದು ವಸ್ತು ಇದೆ, ಅರೆಕೋಲಿನ್. ಎಳೆ ಅಡಿಕೆ ತಿಂದಾಗ ಬೆವರು ಬಂದು ತಲೆ ತಿರುಗಿ ಸೊಕ್ಕುತ್ತೆ ಅಲ್ವಾ, ಅದರಲ್ಲಿ ದೊಡ್ಡ ಪಾಲು ಇದರದ್ದು. ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಿಗೆ ಇದನ್ನು ಹಾಕಿದಾಗ ಡಿಎನ್‌ಎಗೆ ಹಾನಿಯಾಗುವುದೂ, ರಿಪೇರಿ ಕೆಲಸ ಕುಗ್ಗುವುದೂ ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವಾದ ಐಎಆರ್‌ಸಿ 2003ರಲ್ಲಿ ಸೇರಿದ ಸಭೆಯಲ್ಲಿ ಅಡಿಕೆಯನ್ನು, ತಂಬಾಕು ಇಲ್ಲದ ಕವಳವನ್ನೂ ಸೇರಿಸಿ, ಒಂದನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದವುಗಳ ಗುಂಪಿಗೆ ಹಾಕಿತು. ಅರೆಕೋಲಿನ್ ಒಂದನ್ನೇ ತೆಗೆದುಕೊಂಡರೆ 2020ರ ಸಭೆಯಲ್ಲಿ ಅದಕ್ಕೆ ಕೊಟ್ಟಿದ್ದು 2ಬಿ, ಅಂದರೆ "ಇರಬಹುದು" ಅನ್ನುವ ಗುಂಪು. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಈ ಎರಡನ್ನೂ ಕಲಸಿ ಜಗಳ ನಡೆಯುತ್ತಿರುತ್ತೆ. ಈ ಗುಂಪುಗಳು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅನ್ನುವುದನ್ನು. ಅಪಾಯ ಎಷ್ಟು ದೊಡ್ಡದು ಅನ್ನುವುದು ಬೇರೆ ಲೆಕ್ಕ, ಎಷ್ಟು ತಿಂದರು, ಎಷ್ಟು ವರ್ಷ ತಿಂದರು, ಜೊತೆಗೆ ತಂಬಾಕು ಇತ್ತಾ ಅನ್ನುವುದರ ಮೇಲೆ ಅದು ನಿಂತಿರುತ್ತೆ.

ಮೊದಲ ವರ್ಷ ನಾನು ಮಾಡಿದ ಕೆಲಸದಲ್ಲಿ ನಾಲ್ಕು ತಿಂಗಳು ಹಾಳಾಯಿತು. ಅದನ್ನೂ ಹೇಳಬೇಕು, ಯಾಕೆಂದರೆ ಇಂಥದ್ದು ಪೇಪರುಗಳಲ್ಲಿ ಬರುವುದಿಲ್ಲ. ಅಡಿಕೆ ಪುಡಿ ಮಾಡಿ, ನೀರಿನಲ್ಲಿ ನೆನೆಸಿ, ಸೋಸಿ, ಆ ರಸವನ್ನು ತಟ್ಟೆಯಲ್ಲಿ ಬೆಳೆಯುತ್ತಿದ್ದ ಬಾಯಿಯ ಕೋಶಗಳಿಗೆ ಹಾಕಿದೆ. ಆಮೇಲೆ ಗಾಮಾ-ಎಚ್2ಎಎಕ್ಸ್ ಬಣ್ಣ ಹಚ್ಚಿದೆ. ಡಿಎನ್‌ಎಯ ಎರಡೂ ಎಳೆ ಒಟ್ಟಿಗೆ ಮುರಿದಾಗ, ಮುರಿದ ಜಾಗದ ಸುತ್ತ ಇರುವ ಎಚ್2ಎಎಕ್ಸ್ ಅನ್ನುವ ಪ್ರೋಟೀನಿಗೆ ಕೋಶ ಒಂದು ಗುರುತು ಹಾಕುತ್ತೆ, ಇಲ್ಲಿ ರಿಪೇರಿ ಬೇಕು ಅಂತ ಕೂಗಿ ಕರೆದ ಹಾಗೆ. 1998ರಲ್ಲಿ ಇದು ಗೊತ್ತಾಯಿತು. ಆ ಗುರುತಿಗೆ ಮಾತ್ರ ಅಂಟುವ ಆಂಟಿಬಾಡಿಗೆ ಹಸಿರು ಹೊಳಪು ಕಟ್ಟಿ ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ನೀಲಿ ನ್ಯೂಕ್ಲಿಯಸ್ಸಿನ ಒಳಗೆ ಹಸಿರು ಚುಕ್ಕೆಗಳು. ನನ್ನ ತಟ್ಟೆಯಲ್ಲಿ ಚುಕ್ಕೆಗಳೋ ಚುಕ್ಕೆಗಳು. ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ನಮ್ಮ ಮೇಡಂ ಚಿತ್ರಗಳನ್ನು ನೋಡಿ ಒಂದೇ ಮಾತು ಕೇಳಿದರು. "ಕ್ಯಾಟಲೇಸ್ ಹಾಕಿ ನೋಡಿದ್ಯಾ?" ಕ್ಯಾಟಲೇಸ್ ಅಂದರೆ ಪೆರಾಕ್ಸೈಡನ್ನು ಒಡೆದು ನೀರು ಮಾಡುವ ಕಿಣ್ವ. ಅದನ್ನು ಸೇರಿಸಿ ಮತ್ತೆ ಮಾಡಿದೆ. ಚುಕ್ಕೆಗಳು ಬಹಳ ಕಮ್ಮಿಯಾದವು, ಪೂರ್ತಿ ಹೋಗಲಿಲ್ಲ, ಆದರೆ ಮೊದಲಿನ ರಾಶಿ ಇರಲಿಲ್ಲ. ಆಗಿದ್ದು ಇಷ್ಟು: ಕೋಶ ಬೆಳೆಸಲು ನಾವು ಹಾಕುವ ಗುಲಾಬಿ ಬಣ್ಣದ ಮೀಡಿಯಾ ಇದೆಯಲ್ಲ, ಅದರಲ್ಲೇ ಪಾಲಿಫಿನಾಲ್‌ಗಳು ಆಮ್ಲಜನಕ ಹಿಡಿದು ಪೆರಾಕ್ಸೈಡ್ ಮಾಡಿಬಿಡುತ್ತವೆ. ಟೀ, ದ್ರಾಕ್ಷಿ, ಅರಿಶಿನ ಯಾವುದರ ರಸ ಹಾಕಿದರೂ ಈ ಅನುಮಾನ ಇಟ್ಟುಕೊಂಡೇ ನೋಡಬೇಕು. ಕೋಶಕ್ಕೆ ಪೆಟ್ಟು ಬಿದ್ದದ್ದು ನಿಜ, ಆದರೆ ಎಷ್ಟು ಅಡಿಕೆಯಿಂದ, ಎಷ್ಟು ನನ್ನ ತಟ್ಟೆಯಿಂದ ಅನ್ನುವುದು ಕಲಸಿಹೋಗಿತ್ತು. ಸುಣ್ಣ ಸೇರಿದ ಬಾಯಿಯಲ್ಲೂ ಪೆರಾಕ್ಸೈಡ್ ಹುಟ್ಟುತ್ತೆ ನಿಜ. ಅಲ್ಲಿ ಅದನ್ನು ಒಡೆಯಲು ಜೊಲ್ಲಿನಲ್ಲಿ ಬೇರೆ ಕಿಣ್ವಗಳಿವೆ. ತಟ್ಟೆಯ ಲೆಕ್ಕವನ್ನು ಹಾಗೇ ಎತ್ತಿ ಬಾಯಿಗೆ ಹಚ್ಚುವ ಹಾಗಿಲ್ಲ.

ಇನ್ನೊಂದು ವಿಷಯವೂ ಆಗ ಕಲಿತೆ. ಇನ್‌ಕ್ಯುಬೇಟರಿನಲ್ಲಿ ಕೋಶಗಳು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡ 20ರ ಹತ್ತಿರ ಇರುತ್ತೆ. ಮೈಯೊಳಗಿನ ಹೆಚ್ಚಿನ ಅಂಗಗಳಲ್ಲಿ ಅದು ಇದಕ್ಕಿಂತ ಬಹಳ ಕಮ್ಮಿ. ಅಂದರೆ ನಾವು ಆರಾಮಾಗಿವೆ ಅಂದುಕೊಂಡ ಕೋಶಗಳೂ ಮೊದಲೇ ಒತ್ತಡದಲ್ಲಿರುತ್ತವೆ, ಅದರ ಮೇಲೆ ನಾವು ಇನ್ನಷ್ಟು ಹೇರುತ್ತೇವೆ. ಅವತ್ತಿನಿಂದ ನಾನು ತಟ್ಟೆಯನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಕವಳ ಹಾಕುವ ಮನುಷ್ಯರ ಬಾಯಿಂದಲೇ ಕೋಶ ತೆಗೆದು ನೋಡೋಣ ಅನ್ನುವ ಯೋಚನೆ ಬಂದಿದ್ದೂ ಆಗಲೇ.

ಅದು ತುಂಬಾ ಸರಳ. ಬಾಯಿ ಎರಡು ಸಲ ಮುಕ್ಕಳಿಸಬೇಕು. ಇಲ್ಲದಿದ್ದರೆ ಅಡಿಕೆ ಚೂರು, ಸುಣ್ಣದ ಕಣ ಸ್ಲೈಡಿನ ಮೇಲೆ ಬಂದು ಕೂತು ಕಣ್ಣಿಗೆ ಮೋಸ ಮಾಡುತ್ತವೆ. ಸಣ್ಣ ಬ್ರಷ್ಷಿನಲ್ಲಿ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ತಿಕ್ಕಿ, ಬಂದಿದ್ದನ್ನು ಸ್ಲೈಡಿಗೆ ಹಚ್ಚಿ, ಒಣಗಿಸಿ, ಆಮ್ಲದಲ್ಲಿ ಅದ್ದಿ, ಆಮೇಲೆ ಶಿಫ್ ದ್ರಾವಣದಲ್ಲಿ ಕತ್ತಲಲ್ಲಿ ಇಡಬೇಕು. ಶಿಫ್ ದ್ರಾವಣಕ್ಕೆ ಬಣ್ಣವೇ ಇಲ್ಲ, ನೀರಿನ ಹಾಗಿರುತ್ತೆ. ಆಮ್ಲದಲ್ಲಿ ಅದ್ದಿದ ಡಿಎನ್‌ಎ ಸಿಕ್ಕಲ್ಲಿ ಮಾತ್ರ ಕಡುಗುಲಾಬಿ ಆಗುತ್ತೆ. ಕೊನೆಗೆ ಅರೆನಿಮಿಷ ಹಸಿರು ಬಣ್ಣ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾಸಲು ಹಸಿರಿನ ಚಪ್ಪಟೆ ಕೋಶಗಳು, ಮೂಲೆ ಮಡಚಿದ ಕಾಗದದ ಚೂರಿನ ಹಾಗೆ, ಪ್ರತಿಯೊಂದರ ನಡುವೆ ಒಂದು ಗುಲಾಬಿ ಕಾಳು. ಹಾಗೆ ನೋಡುತ್ತಾ ಹೋದರೆ ಎಲ್ಲೋ ಒಂದು ಕೋಶದಲ್ಲಿ ದೊಡ್ಡ ಕಾಳಿನ ಪಕ್ಕ ಒಂದು ಪುಟ್ಟ ಕಾಳು. ಅದು ಮೈಕ್ರೋನ್ಯೂಕ್ಲಿಯಸ್. ದೊಡ್ಡದರ ಅಡ್ಡಳತೆಯ ಮೂರನೇ ಒಂದರಿಂದ ಹದಿನಾರನೇ ಒಂದರ ಒಳಗಿರಬೇಕು, ಬಣ್ಣ ಅದೇ ಇರಬೇಕು, ದೊಡ್ಡದಕ್ಕೆ ತಾಗಿರಬಾರದು. ಇಷ್ಟೂ ಇದ್ದರೆ ಒಂದು ಗೀಟು ಹಾಕುತ್ತೇವೆ. ಒಬ್ಬರಿಗೆ ಎರಡು ಸಾವಿರ ಕೋಶ. ಸ್ಲೈಡ್ ಯಾರದ್ದು ಅಂತ ಎಣಿಸುವವರಿಗೆ ಗೊತ್ತಿರಬಾರದು. ಕುತ್ತಿಗೆ ಹಿಡಿಯುತ್ತೆ, ಕಣ್ಣು ಉರಿಯುತ್ತೆ, ಆದರೂ ಈ ಎಣಿಕೆ ನನಗೆ ಇಷ್ಟ.

ಆ ಪುಟ್ಟ ಕಾಳು ಎಲ್ಲಿಂದ ಬಂತು? ಕೋಶ ಎರಡಾಗುವಾಗ ಕ್ರೋಮೋಸೋಮುಗಳು ಆ ಕಡೆ ಈ ಕಡೆ ಸರಿಯುತ್ತವೆ. ಮುರಿದ ತುಂಡಿಗೆ ಎಳೆದುಕೊಳ್ಳುವ ಹಿಡಿಯೇ ಇರುವುದಿಲ್ಲ, ಹಾಗಾಗಿ ನಡುವೆ ಉಳಿದುಬಿಡುತ್ತೆ. ಕೆಲವು ಸಲ ಇಡೀ ಕ್ರೋಮೋಸೋಮೇ ಹಿಂದೆ ಬೀಳುತ್ತೆ. ಅದರ ಸುತ್ತ ಒಂದು ತೆಳು ಪೊರೆ ಕಟ್ಟಿಕೊಳ್ಳುತ್ತೆ. ಚಟ ಏನೂ ಇಲ್ಲದವರಲ್ಲಿ ಸಾವಿರ ಕೋಶಕ್ಕೆ ಒಂದೋ ಎರಡೋ ಸಿಗುತ್ತವೆ. ಕವಳ ಹಾಕುವವರಲ್ಲಿ ಇದು ಜಾಸ್ತಿ ಇರುತ್ತೆ ಅನ್ನುವುದನ್ನು 1980ರ ದಶಕದಿಂದಲೇ ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ. ಕೆನ್ನೆಯ ಮೇಲ್ಪದರಕ್ಕೆ ಬಂದ ಕೋಶ ಕೆಳಪದರದಲ್ಲಿ ಹುಟ್ಟಿದ್ದು ಒಂದರಿಂದ ಮೂರು ವಾರ ಹಿಂದೆ. ಇವತ್ತು ನಾನು ಎಣಿಸುವ ಪುಟ್ಟ ಕಾಳು ಆಗ ಬಿದ್ದ ಏಟಿನ ಗುರುತು.

ಆ ತೆಳು ಪೊರೆ ಗಟ್ಟಿ ಇಲ್ಲ, ಒಡೆದುಹೋಗುತ್ತೆ. ಒಡೆದರೆ ಡಿಎನ್‌ಎ ಇರಬಾರದ ಜಾಗಕ್ಕೆ ಚೆಲ್ಲುತ್ತೆ. ಕೋಶ ಅದನ್ನು ವೈರಸ್ ಅಂದುಕೊಂಡು ಉರಿಯೂತ ಎಬ್ಬಿಸುತ್ತೆ ಅಂತ 2017ರಲ್ಲಿ ಗೊತ್ತಾಯಿತು. ಒಳಗಿದ್ದ ಕ್ರೋಮೋಸೋಮ್ ಚೂರುಚೂರಾಗಿ, ಮತ್ತೆ ಅಡ್ಡಾದಿಡ್ಡಿಯಾಗಿ ಜೋಡಿಕೊಳ್ಳುವುದೂ ಇದೆ. ಎಷ್ಟೋ ವರ್ಷದಲ್ಲಿ ಒಂದೊಂದಾಗಿ ಆಗಬೇಕಾದ ತಪ್ಪುಗಳು ಹೀಗೆ ಒಂದೇ ಸಲಕ್ಕೆ ಆಗಿಬಿಡಬಹುದು.

ಆದರೂ ಹೆಚ್ಚಿನ ಕೋಶಗಳಲ್ಲಿ ಏನೂ ಆಗುವುದಿಲ್ಲ. ಕಾರಣ ಪಿ53. 1979ರಲ್ಲಿ ಕಂಡುಹಿಡಿದ ಪ್ರೋಟೀನು. ಡಿಎನ್‌ಎ ಮುರಿದ ಸುದ್ದಿ ಬಂದ ಕೂಡಲೇ ಇದು ಏರುತ್ತೆ. ಸಣ್ಣ ಏಟಾದರೆ ನಿಲ್ಲು, ರಿಪೇರಿ ಆಗುವವರೆಗೆ ಎರಡಾಗಬೇಡ ಅನ್ನುತ್ತೆ. ರಿಪೇರಿಗೆ ಮೀರಿದ್ದಾದರೆ ಕೋಶವನ್ನೇ ಸಾಯಿಸುತ್ತೆ. (ನಮ್ಮ ಲ್ಯಾಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬೆಳೆಯುವ ಹೀಲಾ ಕೋಶಗಳನ್ನು ನಾನು ಬಳಸದೇ ಇರುವುದು ಇದಕ್ಕೇ. ಅವು 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕಂಠದ ಕ್ಯಾನ್ಸರಿನಿಂದ ಬಂದವು, ಅವುಗಳಲ್ಲಿರುವ ಪ್ಯಾಪಿಲೋಮ ವೈರಸ್ಸಿನ ಪ್ರೋಟೀನು ಪಿ53ಯನ್ನು ಹಿಡಿದು ನಾಶ ಮಾಡುತ್ತಲೇ ಇರುತ್ತೆ.) ಈಗ ಬಿಡುವಿಲ್ಲದ ಒತ್ತಡವನ್ನು ಊಹಿಸಿಕೊಳ್ಳಿ. ದಿನಕ್ಕೆ ಹತ್ತು ಹದಿನೈದು ಕವಳ, ದವಡೆಯ ಅದೇ ಜಾಗದಲ್ಲಿ, ಮೂವತ್ತು ವರ್ಷ. ಪಿ53 ಸರಿ ಇರುವ ಕೋಶಗಳು ಪ್ರತಿ ಸಲವೂ ನಿಲ್ಲುತ್ತವೆ, ಇಲ್ಲವೇ ಸಾಯುತ್ತವೆ. ಪಿ53 ಕೆಟ್ಟ ಒಂದೇ ಒಂದು ಕೋಶ ಹುಟ್ಟಿದರೆ ಅದು ನಿಲ್ಲುವುದಿಲ್ಲ, ಸತ್ತವರ ಜಾಗವೆಲ್ಲ ಅದಕ್ಕೆ ಸಿಗುತ್ತೆ. ಒತ್ತಡ ಡಿಎನ್‌ಎಯನ್ನು ಕೆಡಿಸುವುದರ ಜೊತೆಗೆ ಕೆಟ್ಟದ್ದನ್ನೇ ಆರಿಸಿ ಬೆಳೆಸುತ್ತೆ. ನನ್ನನ್ನು ತುಂಬಾ ಕಾಡುವ ವಿಷಯ ಇದೇ. ಕೆನ್ನೆಯ ಒಳಭಾಗ ಮತ್ತು ಒಸಡಿನ ಕ್ಯಾನ್ಸರುಗಳ ಜೀನುಗಳನ್ನು ಭಾರತದ ತಂಡವೇ ಓದಿ 2013ರಲ್ಲಿ ಪ್ರಕಟಿಸಿತು. ಅದರಲ್ಲೂ ಪಿ53ಯ ಜೀನು ಕೆಟ್ಟಿದ್ದು ಎದ್ದು ಕಾಣುತ್ತೆ.

ನಾನು ಈ ವಿಷಯಕ್ಕೆ ಬಂದಿದ್ದು ಅಜ್ಜಿಯಿಂದ ಅಲ್ಲ. ಅಜ್ಜಿ 91 ವರ್ಷ ಇದ್ದು ವಯಸ್ಸಾಗಿಯೇ ಹೋದಳು, ದೊಡ್ಡಪ್ಪ ಪ್ರತಿ ಸಲ ಎತ್ತುವುದೂ ಅದನ್ನೇ. ನಾನು ಬಂದಿದ್ದು ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಒಬ್ಬರಿಂದ. ಸುಗ್ಗಿಯಲ್ಲಿ ಸುಲಿಯುವ ಕೆಲಸ ರಾತ್ರಿ ಎರಡರವರೆಗೂ ನಡೆಯುತ್ತೆ. ನಿದ್ದೆ ಬರದಿರಲಿ ಅಂತ ಹೆಂಗಸರು ಬಾಯಿಗೆ ಅಡಿಕೆ, ಹೊಗೆಸೊಪ್ಪು ಹಾಕಿಕೊಂಡೇ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಅದನ್ನು ತಟ್ಟೆಯಲ್ಲಿ ಇಟ್ಟು ಕೊಡುತ್ತಿದ್ದುದು ನಮ್ಮ ಮನೆಯವರೇ. ಒಂದು ವರ್ಷ ಆಕೆ ಸಾರು ಖಾರ ಅಂತ ಊಟ ಬಿಟ್ಟರು. ಮರುವರ್ಷ ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ, ಹಲ್ಲು ನೋವಿರಬೇಕು ಅಂದರು. ಬೆಂಗಳೂರಿಗೆ ಕರೆದೊಯ್ಯುವಷ್ಟರಲ್ಲಿ ಕುತ್ತಿಗೆಯಲ್ಲಿ ಗಂಟು ಬಂದಿತ್ತು. ಆಗ ನಾನು ಬಿಎಸ್ಸಿ ಓದುತ್ತಿದ್ದೆ.

ಅವರಿಗೆ ಕೊಟ್ಟ ರೇಡಿಯೇಷನ್ ಕೂಡ ಡಿಎನ್‌ಎ ಮುರಿಯುವ ಕೆಲಸವೇ. ಒಂದು ಗ್ರೇ (ವಿಕಿರಣ ಅಳೆಯುವ ಮಾನ) ವಿಕಿರಣ ಒಂದು ಕೋಶದಲ್ಲಿ ಸುಮಾರು 30-40 ಕಡೆ ಎರಡೂ ಎಳೆ ಮುರಿಯುತ್ತೆ. ಅದನ್ನು ಒಂದೇ ದಿನ ಕೊಡದೆ ದಿನಕ್ಕೆ ಸ್ವಲ್ಪ ಸ್ವಲ್ಪ, ವಾರಗಟ್ಟಲೆ ಕೊಡುತ್ತಾರೆ, ಯಾಕೆಂದರೆ ರಾತ್ರಿಯ ಬಿಡುವಿನಲ್ಲಿ ಒಳ್ಳೆಯ ಕೋಶಗಳು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರಿನವು ಅಷ್ಟು ಚೆನ್ನಾಗಿ ಮಾಡಿಕೊಳ್ಳುವುದಿಲ್ಲ. ಆ ರಿಪೇರಿಯನ್ನೇ ತಡೆಯುವ ಔಷಧಿಗಳೂ ಈಗ ಬಂದಿವೆ. ಸ್ತನ, ಅಂಡಾಶಯದ ಕೆಲವು ಕ್ಯಾನ್ಸರುಗಳಿಗೆ ಕೊಡುವ ಒಲಾಪರಿಬ್ ಅಂಥದ್ದು, 2014ರಿಂದ ಬಳಕೆಯಲ್ಲಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸತೀಶ್ ರಾಘವನ್ ಅವರ ತಂಡ ಮುರಿದ ತುದಿಗಳ ಜೋಡಣೆಯನ್ನು ತಡೆಯುವ ಎಸ್‌ಸಿಆರ್7 ಅನ್ನುವ ಅಣುವಿನ ಬಗ್ಗೆ 2012ರಲ್ಲಿ ಪ್ರಕಟಿಸಿತ್ತು.

2022ರಲ್ಲಿ ಪ್ರಪಂಚದಲ್ಲಿ ಬಾಯಿ ಕ್ಯಾನ್ಸರ್ ಬಂದವರು ಸುಮಾರು 3.9 ಲಕ್ಷ. ಅದರಲ್ಲಿ ಸುಮಾರು 1.2 ಲಕ್ಷ ಜನರಿಗೆ ಅಗಿಯುವ ತಂಬಾಕು ಮತ್ತು ಅಡಿಕೆ ಕಾರಣ ಅಂತ ಲೆಕ್ಕ ಹಾಕಿದ್ದಾರೆ. ಆ 1.2 ಲಕ್ಷದಲ್ಲಿ 83 ಸಾವಿರದಷ್ಟು ಜನ ನಮ್ಮ ದೇಶದವರು. ದೊಡ್ಡಪ್ಪ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ಅಡಿಕೆ ಕ್ಯಾನ್ಸರ್ ತರುತ್ತೆ ಅಂತ ತೋರಿಸುವ ಕೆಲಸ ಬೇರೆಯವರು ಆಗಲೇ ಮಾಡಿದ್ದಾರೆ. ಹತ್ತು ಜನ ಒಂದೇ ಥರ ಕವಳ ಹಾಕಿದರೂ ಯಾರ ಬಾಯಲ್ಲಿ ರಿಪೇರಿ ಸೋಲುತ್ತಿದೆ, ಅದನ್ನು ಗಂಟು ಬರುವ ಹತ್ತು ವರ್ಷ ಮೊದಲೇ ಕಾಣಬಹುದಾ ಅನ್ನುವುದು ನನ್ನ ಕೆಲಸ.

ಹೋದ ಚಳಿಗಾಲ ಅಮ್ಮ ಬೆಂಗಳೂರಿಗೆ ಬಂದಿದ್ದಾಗ, ಬಣ್ಣ ಹಚ್ಚುವುದನ್ನು ತೋರಿಸುತ್ತೇನೆ ಅಂತ ಅವಳ ಕೆನ್ನೆಯಿಂದಲೇ ಒಂದು ಸ್ಲೈಡ್ ಮಾಡಿದೆ. ಅಮ್ಮ ಊಟದ ಮೇಲೆ ಒಂದೊಂದು ಕವಳ ಹಾಕುತ್ತಾಳೆ, ತಂಬಾಕು ಇಲ್ಲ. ಆ ಸ್ಲೈಡ್ ನಮ್ಮ ಅಧ್ಯಯನಕ್ಕೆ ಸೇರುವುದಿಲ್ಲ, ಅದಕ್ಕೆ ಬೇರೆ ನಿಯಮಗಳಿವೆ. ಎರಡು ಸಾವಿರ ಕೋಶದಲ್ಲಿ ಏಳು ಪುಟ್ಟ ಕಾಳು ಸಿಕ್ಕವು. "ಏಳು ಅಂದ್ರೆ ಎಂತ?" ಅಂತ ಕೇಳಿದಳು. ಒಬ್ಬರ ಒಂದು ಸ್ಲೈಡ್ ನೋಡಿ ಅವರಿಗೆ ಮುಂದೆ ಹೀಗಾಗುತ್ತೆ ಅಂತ ಹೇಳಲು ಬರುವುದಿಲ್ಲ ಅಂತ ನಿಜ ಹೇಳಿದೆ. ಬಿಟ್ಟವರಲ್ಲಿ ಅಪಾಯ ಇಳಿಯುತ್ತೆ ಅನ್ನುವುದನ್ನೂ ಹೇಳಿದೆ. ಕಣ್ಣು ಮೈಕ್ರೋಸ್ಕೋಪಿಗೆ ಒತ್ತಿಕೊಂಡೇ ಬಹಳ ಹೊತ್ತು ನೋಡಿದಳು. "ಬಣ್ಣ ಚೊಗರಿನ ಥರವೇ ಇದೆ" ಅಂದಳು. ಅವತ್ತೇ ಅವಳಿಗೆ ಮೂರು ಬೆರಳಿನ ಪರೀಕ್ಷೆ ಹೇಳಿಕೊಟ್ಟೆ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಬೇಕು. ಹೋದರೆ ಸರಿ. ಹೋಗದಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಒಳಗೆ ಬಿಳಿ ಮಚ್ಚೆ ಅಥವಾ ಎರಡು ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ಡಾಕ್ಟರಿಗೆ ತೋರಿಸಬೇಕು.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ಸಂಜೆ ದೊಡ್ಡಪ್ಪ ಮನೆಗೆ ಬಂದಾಗ ಅವರ ಕೈಯಲ್ಲೂ ಮೂರು ಬೆರಳು ಇಡಿಸಿದಳಂತೆ. ಎರಡೇ ಹೋಯಿತಂತೆ. ಮೂರನೆಯದಕ್ಕೆ ಎಷ್ಟು ಪ್ರಯತ್ನ ಪಟ್ಟರೂ ಆಗಲಿಲ್ಲವಂತೆ. ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಸೋಮವಾರ ಬೆಳಿಗ್ಗೆ ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ಬರುತ್ತೇನೆ ಅಂತ ಒಪ್ಪಿದ್ದಾರೆ.